ಮನೆ ಮೇಲೆ 27–28 ಮೆಗಾಹರ್ಟ್ಸ್ ಆಂಟೆನಾ: ಹುಬ್ಬಳ್ಳಿಯ 30×40 ಟೆರೇಸ್‌ಗೆ ಯಾವುದು ಸರಿ?

ವಿದ್ಯಾನಗರ_ಟೆರೇಸ್ ಕೇಳಿದ್ದು:

ಎಲ್ಲಾರಿಗೂ ನಮಸ್ಕಾರ್ರಿ. ಹುಬ್ಬಳ್ಳಿ ವಿದ್ಯಾನಗರದಾಗ 30×40 ಸೈಟು, ಎರಡು ಅಂತಸ್ತಿನ ಆರ್‌ಸಿಸಿ ಮನಿ. ಟೆರೇಸ್ ಮ್ಯಾಲ ಮೆಟ್ಟಿಲಿನ ರೂಮ್ ಐತಿ, ಅದು ಮನಿ ಹಿಂದಿನ ಭಾಗಕ್ಕ ಬರತೈತಿ. ಅದರ ಗೋಡಿ 9 ಇಂಚಿಂದು. ಮುಂದಿನ ರಸ್ತಾದಾಗ 11 ಕೆವಿ ಲೈನ್ ಹೋಗೇತಿ, ನಮ್ಮ ಮುಂದಿನ ಪ್ಯಾರಾಪೆಟ್‌ನಿಂದ ಸುಮಾರು 8 ಮೀಟರ್ ದೂರ.

ಸೆಟ್ ಎರಡು ಅದಾವ. ಒಂದು 27 ಮೆಗಾಹರ್ಟ್ಸ್ ಸಿಟಿಜನ್ ಬ್ಯಾಂಡಿನ (ಸಿಬಿ, ಸಾಮಾನ್ಯ ಮಂದಿ ಮಾತಾಡಾಕ ಬಿಟ್ಟ ರೇಡಿಯೋ ಪಟ್ಟಿ) ಕೈಸೆಟ್, 4 ವ್ಯಾಟ್. ಇನ್ನೊಂದು 28 ಮೆಗಾಹರ್ಟ್ಸ್ ಹ್ಯಾಮ್ (ಹವ್ಯಾಸಿ ರೇಡಿಯೋ) ಸೆಟ್, ಗಾಡ್ಯಾಗ ಇಡೂ ನಮೂನಿದು, 25 ವ್ಯಾಟ್, ಅದರಾಗ 27 ಸೈತ ಕೇಳಬಹುದು. ಹ್ಯಾಮ್ ಜನರಲ್ ಗ್ರೇಡ್ ಲೈಸೆನ್ಸ್ ಐತಿ. ಧಾರವಾಡದ ಗೆಳೆಯರ ಜೋಡಿ ದಿನಾ ಮಾತಾಡಬೇಕು, ಆದ್ರ ಗದಗ, ಹಾವೇರಿನೂ ಹಿಡೀಬೇಕು ಅನ್ನೂದು ಆಸೆ.

ಕೇಳೂದು ಇಷ್ಟ್ರಿ:

ಆನ್‌ಲೈನ್‌ನ್ಯಾಗ 5/8 ತರಂಗದ (ತರಂಗದ ಉದ್ದದಾಗ ಎಂಟರಾಗ ಐದು ಪಾಲು) ಉದ್ದನೆ ಆಂಟೆನಾ ಭಾಳ ಚಲೋ ಅಂತ ಬರದಾರ. ಅದಕ್ಕ ದುಡ್ಡು ಹಾಕಬೇಕೋ, ಇಲ್ಲಾ ಮನ್ಯಾಗ ಮಾಡಿಕೊಂಡ ಗ್ರೌಂಡ್ ಪ್ಲೇನ್ (ನೆಟ್ಟಗ ನಿಂತ ಕೋಲು, ಬುಡದ ಸುತ್ತ ತಂತಿ) ಅಥವಾ ಡೈಪೋಲ್ (ನಡುವ ಕೇಬಲ್ ಹಚ್ಚಿದ ಎರಡು ತೋಳಿನ ತಂತಿ) ಸಾಕೋ? ಸೆಟ್ ಇಡೂ ಕೋಲಿಯಿಂದ ಟೆರೇಸ್ ಮ್ಯಾಲ ಕಂಬದ ತುದಿ ತನಕ 18 ಮೀಟರ್ ಕೇಬಲ್ ಬೇಕಾಗತೈತಿ. ಟಿವಿ ಡಿಶ್‌ನ ಆರ್‌ಜಿ-6 ಕೇಬಲ್ ಒಂದು ಸುರಳಿ ಉಳದೈತಿ, ನಡೀತೈತೇನು? ಪೈಪ್ ನಿಲ್ಲಿಸೂದು ಹೆಂಗ, ಅರ್ಥಿಂಗ್ ಹೆಂಗ? ಸ್ಲ್ಯಾಬ್‌ಗೆ ತೂತು ಹೊಡದು ಸೋರಿಸಿಕೊಳ್ಳೂ ವಿಚಾರ ಇಲ್ಲ.

ಧಾರವಾಡ_ತರಂಗ ಉತ್ತರ:

ಆಂಟೆನಾಕ್ಕಿಂತ ಮೊದಲು ಕಾನೂನಿನ ಮಾತು. ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡ ಎಂದು ಬಿಟ್ಟಿರುವ ಸಿಟಿಜನ್ ಬ್ಯಾಂಡ್ 26.957ರಿಂದ 27.283 ಮೆಗಾಹರ್ಟ್ಸ್. 5 ವ್ಯಾಟ್ ಮಿತಿ, ಅದೂ ಸೆಟ್ಟಿನದೇ ಆಂಟೆನಾ ಇರಬೇಕು. ಅಮೆರಿಕದ 40 ಚಾನೆಲ್ ಪಟ್ಟಿಯಲ್ಲಿ 1ರಿಂದ 27ರವರೆಗಿನವು ಮಾತ್ರ ಇದರೊಳಗೆ ಬೀಳುತ್ತವೆ. 28ನೇ ಚಾನೆಲ್ 27.285, ಅಲ್ಲಿಗೆ ಗಡಿ ದಾಟಿತು. ಹಾಗಾಗಿ ಟೆರೇಸ್ ಮೇಲಿನ ಆಂಟೆನಾಕ್ಕೆ ಸಿಬಿ ಸೆಟ್ ಜೋಡಿಸಿ ಮಾತಾಡುವುದು ಈ ವಿನಾಯಿತಿಯೊಳಗೆ ಬರುವುದಿಲ್ಲ. ನಿಮ್ಮಲ್ಲಿ ಹ್ಯಾಮ್ ಲೈಸೆನ್ಸ್ ಇರುವುದರಿಂದ ದಾರಿ ಸುಲಭ. ಮೇಲಿನ ಆಂಟೆನಾವನ್ನು 28ಕ್ಕೆ ಕತ್ತರಿಸಿ, ಮಾತು ಅಲ್ಲೇ ಆಡಿ, 27 ಅನ್ನು ಅದರಲ್ಲೇ ಕೇಳಿ. ಕೇಳುವುದಕ್ಕೆ ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಶಕ್ತಿ ಎಷ್ಟು ವಾಪಸಾಗುತ್ತದೆ ಎಂಬುದರ ಅಳತೆ, 1 ಅಂದರೆ ಏನೂ ವಾಪಸಿಲ್ಲ) ಹೆಚ್ಚಿದ್ದರೂ ತೊಂದರೆಯಿಲ್ಲ. ಲೈಸೆನ್ಸ್ ಇಲ್ಲದೆ ಇದನ್ನು ಓದುತ್ತಿರುವವರು ಹ್ಯಾಮ್ ಲೈಸೆನ್ಸಿಗೆ ಬೇಕಾದ ಎಎಸ್‌ಒಸಿ ಪರೀಕ್ಷೆ ಬರೆಯಲಿ. 12 ವರ್ಷ ತುಂಬಿದ್ದರೆ ಸಾಕು.

ಈಗ ಯಾವ ಆಂಟೆನಾ. 28.4 ಮೆಗಾಹರ್ಟ್ಸ್‌ಗೆ 5/8 ತರಂಗ ಅಂದರೆ ಸುಮಾರು 6.6 ಮೀಟರ್ ಉದ್ದದ ಕೋಲು, ಬುಡದಲ್ಲಿ ಮ್ಯಾಚಿಂಗ್ ಕಾಯಿಲ್. ಕಾಲು ತರಂಗದ ಗ್ರೌಂಡ್ ಪ್ಲೇನ್‌ಗೆ ಹೋಲಿಸಿದರೆ ದಿಗಂತದ ಕಡೆಗೆ ಅದು ಹೆಚ್ಚು ಕೊಡುವುದು ಒಂದೂವರೆ ಡೆಸಿಬೆಲ್ ಆಸುಪಾಸು. ಸಂಕೇತದ ಬಲ ತೋರಿಸುವ ಎಸ್-ಮೀಟರಿನ ಒಂದು ಅಂಕ ಅಂದರೆ 6 ಡೆಸಿಬೆಲ್. ಒಂದೂವರೆ ಡೆಸಿಬೆಲ್ ಕಿವಿಗೆ ಗೊತ್ತಾಗುವುದೂ ಕಷ್ಟ. ಅದೇ ದುಡ್ಡಿನಲ್ಲಿ ಕಂಬವನ್ನು 3 ಮೀಟರ್ ಎತ್ತರಿಸಿದರೆ ಸಿಗುವ ಲಾಭ ದೊಡ್ಡದು. ಅಷ್ಟುದ್ದದ ಕೋಲು ಆಷಾಢದ ಗಾಳಿಗೆ ಕಂಬದ ಮೇಲೆ ಹಾಕುವ ಭಾರ ಬೇರೆ. ನನ್ನ ಸಲಹೆ ಕಾಲು ತರಂಗದ ಗ್ರೌಂಡ್ ಪ್ಲೇನ್, ನಾಲ್ಕು ರೇಡಿಯಲ್ (ಬುಡದಿಂದ ಸುತ್ತ ಹರಡುವ ತಂತಿಗಳು).

ಧಾರವಾಡದ ಗೆಳೆಯರದು ಯಾವ ಆಂಟೆನಾ ಎಂದು ಮೊದಲು ಕೇಳಿಕೊಳ್ಳಿ. ಅವರದು ಲಂಬ, ನಿಮ್ಮದು ಅಡ್ಡ ಆದರೆ ಹತ್ತಿರದ ಮಾತಿನಲ್ಲಿ 20 ಡೆಸಿಬೆಲ್‌ವರೆಗೂ ಕಳೆದುಹೋಗಬಹುದು. ಆಕಾಶದಿಂದ ಪ್ರತಿಫಲಿಸಿ ಬರುವ ದೂರದ ಸಂಕೇತಕ್ಕೆ ಈ ಭೇದ ಅಷ್ಟಾಗಿ ಇರುವುದಿಲ್ಲ. ಗಾಡಿಯಲ್ಲಿ ಸೆಟ್ ಇಟ್ಟವರದು ಯಾವಾಗಲೂ ಲಂಬ. ಅಡ್ಡ ಡೈಪೋಲ್‌ಗೆ ಒಂದು ಹೆಚ್ಚುಗಾರಿಕೆ ಇದೆ: ಪೇಟೆಯ ವಿದ್ಯುತ್ ಗದ್ದಲವನ್ನು ಅದು ಕಡಿಮೆ ಹಿಡಿಯುತ್ತದೆ.

ದೂರದ ಲೆಕ್ಕ ಹೀಗೆ. ಆಂಟೆನಾದ ಎತ್ತರ ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ದಿಗಂತ ಕಿಲೋಮೀಟರಿನಲ್ಲಿ ಬರುತ್ತದೆ. ನೆಲದಿಂದ 13 ಮೀಟರ್ ಇದ್ದರೆ ಸುಮಾರು 15 ಕಿ.ಮೀ.; ಎರಡೂ ಕಡೆ ಅಷ್ಟೇ ಇದ್ದರೆ 30. ಧಾರವಾಡ ನಿಮಗೆ 20 ಕಿ.ಮೀ., ಹುಬ್ಬಳ್ಳಿಗಿಂತ ಎತ್ತರದಲ್ಲೂ ಇದೆ. ಉಣಕಲ್ ಕಡೆಯ ದಿಬ್ಬ ನಡುವೆ ಬಂದರೂ 25 ವ್ಯಾಟಿಗೆ ದಿನನಿತ್ಯ ಸಿಗಬೇಕು. ಗದಗ 60 ಕಿ.ಮೀ.ಗೆ ಹತ್ತಿರ, ಹಾವೇರಿ ಅದಕ್ಕಿಂತ ದೂರ. 28ರಲ್ಲಿ ನೆಲದಲೆ ಅಷ್ಟು ದೂರ ಮುಟ್ಟುವುದಿಲ್ಲ, ಆಕಾಶದಲೆ ಅವರ ತಲೆ ಮೇಲೆ ಹಾರಿ ಸಾವಿರಾರು ಕಿ.ಮೀ. ಆಚೆ ಇಳಿಯುತ್ತದೆ. ಮಧ್ಯಾಹ್ನ ಯುರೋಪ್ ಸಿಕ್ಕು ಹಾವೇರಿ ಸಿಗದಿದ್ದರೆ ಅದು ಆಂಟೆನಾದ ದೋಷವಲ್ಲ. ಗದಗ, ಹಾವೇರಿ ನಿಜಕ್ಕೂ ಬೇಕಿದ್ದರೆ 7.1 ಮೆಗಾಹರ್ಟ್ಸ್‌ಗೆ ಒಟ್ಟು 20 ಮೀಟರಿನ ತಂತಿ ಡೈಪೋಲ್ ಹಾಕಿ, ಅದಕ್ಕೆ ತಕ್ಕ ಸೆಟ್ ಬೇಕು. ಆ ಬ್ಯಾಂಡಿನಲ್ಲಿ ಸಂಕೇತ ನೆಟ್ಟಗೆ ಮೇಲೆ ಹೋಗಿ ಸುತ್ತಲಿನ ಜಿಲ್ಲೆಗಳ ಮೇಲೆ ಬೀಳುತ್ತದೆ. ಹಗಲಿನಲ್ಲಿ 50ರಿಂದ 300 ಕಿ.ಮೀ.ಗೆ ಅದೇ ಒಳ್ಳೆಯದು.

ಅಳತೆ. ಕಾಲು ತರಂಗದ ಸೂತ್ರ: 71.5 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ, ಉತ್ತರ ಮೀಟರಿನಲ್ಲಿ. 28.4ಕ್ಕೆ 2.52 ಮೀ. ಆದರೆ ಮೊದಲು 2.60ಕ್ಕೆ ಕತ್ತರಿಸಿ. ಉದ್ದವನ್ನು ಕಡಿಮೆ ಮಾಡಬಹುದು, ಕತ್ತರಿಸಿದ್ದನ್ನು ಬೆಳೆಸಲಾಗದು. ರೇಡಿಯಲ್ ನಾಲ್ಕು, ಒಂದೊಂದು 2.64 ಮೀ. ಅವು ನೆಲಕ್ಕೆ ಸಮಾನಾಂತರವಾಗಿದ್ದರೆ ತಡೆ 36 ಓಮ್‌ ಹತ್ತಿರ ಬರುತ್ತದೆ. 45 ಡಿಗ್ರಿ ಕೆಳಕ್ಕೆ ಇಳಿಸಿದರೆ 50ಕ್ಕೆ ಏರುತ್ತದೆ, 50 ಓಮಿನ ಕೇಬಲ್‌ಗೆ ನೇರ ಹೊಂದುತ್ತದೆ, ಮ್ಯಾಚಿಂಗ್ ಪೆಟ್ಟಿಗೆ ಬೇಕಿಲ್ಲ. ನಾಲ್ಕು ರೇಡಿಯಲ್‌ಗೆ ಮನೆ ವೈರಿಂಗಿನ 2.5 ಚದರ ಮಿ.ಮೀ. ತಾಮ್ರದ ತಂತಿ ಸಾಕು. ತುದಿಗೆ ಎಗ್ ಇನ್ಸುಲೇಟರ್ (ವಿದ್ಯುತ್ ತಡೆಯುವ ಮೊಟ್ಟೆಯಾಕಾರದ ಗುಂಡು), ಅಲ್ಲಿಂದ ಪ್ಯಾರಾಪೆಟ್‌ವರೆಗೆ ಹಗ್ಗ. ಪಿವಿಸಿ ಹೊದಿಕೆ ಇರುವ ತಂತಿ ಬಳಸಿದರೆ ವಿದ್ಯುತ್ ಉದ್ದ 2–4 ಶೇಕಡಾ ಹೆಚ್ಚಾದಂತೆ ವರ್ತಿಸುತ್ತದೆ, ಅಂದರೆ ಕತ್ತರಿಸುವುದು ಇನ್ನಷ್ಟು ಬರುತ್ತದೆ.

ಮೇಲಿನ ಕೋಲಿಗೆ ಅಲ್ಯೂಮಿನಿಯಂ ಟ್ಯೂಬ್, ಕೆಳಗೆ 19 ಮಿ.ಮೀ., ಅದರೊಳಗೆ ಬಿಗಿಯಾಗಿ ಕೂಡುವ ಇನ್ನೊಂದು. ಕೂಡುವ ಜಾಗದಲ್ಲಿ ಹೊರ ಟ್ಯೂಬಿಗೆ 4 ಸೆಂ.ಮೀ. ಸೀಳು ಹಾಕಿ ಸ್ಟೇನ್‌ಲೆಸ್ ಹೋಸ್ ಕ್ಲಿಪ್ ಬಿಗಿದರೆ ಉದ್ದ ಸರಿಪಡಿಸುವುದು ಸುಲಭ. ಬುಡಕ್ಕೆ 30 ಸೆಂ.ಮೀ. ಎಚ್‌ಡಿಪಿಇ ಅಥವಾ ಡೆಲ್ರಿನ್ ರಾಡ್. ನೈಲಾನ್ ನೀರು ಹೀರುತ್ತದೆ, ಬೇಡ. 5 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡಿಗೆ ಕೇಬಲ್ ಕೂಡುವ ಎಸ್‌ಒ-239 ಸಾಕೆಟ್ ಕೂರಿಸಿ, ಅದರ ನಡುಪಿನ್‌ನಿಂದ ಟ್ಯೂಬಿಗೆ 5 ಸೆಂ.ಮೀ. ಮೀರದ ತುಂಡು ತಂತಿ. ಟ್ಯೂಬಿನ ಭಾರ ಸಾಕೆಟ್ ಮೇಲೆ ಬೀಳಲೇಬಾರದು. ತಾಮ್ರ ಅಲ್ಯೂಮಿನಿಯಂ ಮುಟ್ಟುವಲ್ಲಿ ನಡುವೆ ಸ್ಟೇನ್‌ಲೆಸ್ ವಾಷರ್ ಹಾಕಿ, ಇಲ್ಲದಿದ್ದರೆ ಒಂದು ಮಳೆಗಾಲದಲ್ಲಿ ಬಿಳಿ ಪುಡಿ ಕಟ್ಟಿ ಸಂಪರ್ಕ ಹೋಗುತ್ತದೆ. ಸಾಕೆಟ್ಟಿನ ನಡುಪಿನ್‌ನಿಂದ ತಗಡಿಗೆ 100 ಕಿಲೋಓಮ್ 2 ವ್ಯಾಟ್ ರೆಸಿಸ್ಟರ್ ಒಂದನ್ನು ಜೋಡಿಸಿ. ಒಣ ಗಾಳಿ ಬೀಸುವಾಗ ಕೋಲಿನಲ್ಲಿ ಕೂಡುವ ಸ್ಥಿರವಿದ್ಯುತ್ ಅದರ ಮೂಲಕ ಇಳಿದುಹೋಗುತ್ತದೆ, ಪ್ರಸಾರಕ್ಕೆ ಏನೂ ಆಗುವುದಿಲ್ಲ.

ಗದಗ_ಗಾಳಿಕಂಬ ಉತ್ತರ:

ಮ್ಯಾಲಿನವರು ಆಂಟೆನಾ ಪೂರಾ ಹೇಳ್ಯಾರ. ನಾ ಕಂಬ ಮತ್ತ ಅರ್ಥಿಂಗ್ ಹೇಳತೀನಿ.

ಜಿಐ ಪೈಪ್, ಒಂದೂವರೆ ಇಂಚು, ‘ಬಿ’ ಕ್ಲಾಸ್. ಅಂಗಡ್ಯಾಗ 6 ಮೀಟರಿನ ಪೂರಾ ಪೈಪ ಸಿಗತೈತಿ, ತೂಕ 22 ಕೆಜಿ ಸುಮಾರು. ‘ಎ’ ಕ್ಲಾಸ್ ಹಗೂರ ಐತಿ ಅಂತ ತರಬ್ಯಾಡ್ರಿ, ಕ್ಲ್ಯಾಂಪ್ ಬಿಗದ ಜಾಗಾದಾಗ ಅದು ಚಪ್ಪಟಿ ಆಗಿ ಮಣೀತೈತಿ.

ಜಾಗ ಮೊದಲು ನಿಕ್ಕಿ ಮಾಡ್ರಿ, ಯಾಕಂದ್ರ ನಿಮ್ಮ ಮುಂದ 11 ಕೆವಿ ಐತಿ. ಪೈಪ 6 ಮೀಟರ್, ಆಂಟೆನಾ ಎರಡೂವರೆ, ಕೂಡಿ 8.5. ಬಿದ್ರ ಲೈನಿಗೆ ಮುಟ್ಟಬಾರದು ಅಂದ್ರ ಉದ್ದದ ಒಂದೂವರೆ ಪಟ್ಟು, ಅಂದ್ರ 13 ಮೀಟರ್ ದೂರ ಇಟ್ಟುಕೊಳ್ರಿ. ಮುಂದಿನ ಪ್ಯಾರಾಪೆಟ್ ಮ್ಯಾಲ ಹಚ್ಚಿದ್ರ 8 ಮೀಟರ್ ಅಷ್ಟ ಆತು, ಅದು ಆಗೂದಿಲ್ಲ. ನಿಮ್ಮ ಮೆಟ್ಟಿಲಿನ ರೂಮ್ ಹಿಂದ ಐತಿ, ಅಲ್ಲಿ ಲೈನಿಗೆ 16–17 ಮೀಟರ್ ಬೀಳತೈತಿ. ಅದ ಸರಿಯಾದ ಜಾಗ. ಪೈಪ ಎತ್ತೂ ಹೊತ್ತಿನ್ಯಾಗ ಮೂರು ಮಂದಿ ಬೇಕು, ಅದನ್ನ ಹಿಂದಿನ ಕಡೆಯಿಂದ ಎತ್ರಿ, ಬೀಳೂದಾದ್ರ ಲೈನಿನ ವಿರುದ್ಧ ದಿಕ್ಕಿಗೆ ಬೀಳಬೇಕು. ಗಾಳಿ ಇದ್ದ ದಿನ ಆ ಕೆಲಸಕ್ಕ ಕೈ ಹಚ್ಚಬ್ಯಾಡ್ರಿ. ಗೋಕುಲ ರೋಡಿನ ಸುತ್ತ ಇದ್ದವರು ವಿಮಾನ ನಿಲ್ದಾಣದ ಎತ್ತರದ ಮಿತಿ ಕೇಳಿಕೊಂಡ ಮುಂದ ಹೋಗ್ರಿ.

ಸ್ಲ್ಯಾಬಿಗೆ ತೂತ ಹೊಡಿಯೂ ಕೆಲಸ ಇಲ್ಲ. ರೂಮಿನ 9 ಇಂಚಿನ ಗೋಡಿಗೆ ಎರಡು ಬ್ರಾಕೆಟ್, ಒಂದು ನೆಲದಿಂದ ಒಂದು ಗೇಣು ಮ್ಯಾಲ, ಇನ್ನೊಂದು 2 ಮೀಟರ್ ಎತ್ತರದಾಗ. ಎರಡರ ನಡುವಿನ ಅಂತರ ಎಷ್ಟು ಹೆಚ್ಚೋ ಅಷ್ಟು ಚಲೋ. ಲೆಕ್ಕ ನೋಡ್ರಿ: ಸೆಕೆಂಡಿಗೆ 35 ಮೀಟರ್ ಗಾಳಿ ಅಂದ್ರ ಚದರ ಮೀಟರಿಗೆ ಸುಮಾರು 735 ನ್ಯೂಟನ್ ಒತ್ತಡ. 5 ಮೀಟರ್ ಪೈಪ ಮತ್ತ ಆಂಟೆನಾ ಮ್ಯಾಲ ಬೀಳೂ ಬಲದಿಂದ ಬುಡದಾಗ ನೂರು ಕೆಜಿ-ಮೀಟರ್ ದಾಟಿ ಬಾಗಿಸೂ ಜೋರು ಬರತೈತಿ. ಬ್ರಾಕೆಟ್ ಎರಡಡಿ ಅಂತರದಾಗ ಇದ್ರ ಒಂದೊಂದು ಬ್ರಾಕೆಟ್ಟಿನ ಮ್ಯಾಲ 180 ಕೆಜಿ ಹತ್ತಿರ ಎಳತ. 4 ಇಂಚಿನ ಪ್ಯಾರಾಪೆಟ್ ಇಟ್ಟಂಗಿ ಅದನ್ನ ತಡಿಯೂದಿಲ್ಲ, ಗೋಡಿ ಸಮೇತ ಬರತೈತಿ. 2 ಮೀಟರ್ ಅಂತರ ಇದ್ರ ಅದು ಮೂರನೇ ಒಂದು ಭಾಗಕ್ಕ ಇಳೀತೈತಿ. ಬ್ರಾಕೆಟ್ಟಿಗೆ 12 ಮಿ.ಮೀ. ಥ್ರೂ-ಬೋಲ್ಟ್, ಗೋಡಿಯ ಒಳಗಿನ ಮಗ್ಗಲಾಗ 10 ಸೆಂ.ಮೀ. ಚೌಕದ ಕಬ್ಬಿಣದ ತಗಡು. ಇಟ್ಟಂಗ್ಯಾಗ ಆ್ಯಂಕರ್ ಬೋಲ್ಟ್ ನಂಬಬ್ಯಾಡ್ರಿ, ಅದು ಕಾಂಕ್ರೀಟಿಗೆ ಮಾಡಿದ್ದು.

ಮ್ಯಾಲ ಮೂರು ಗೈ (ಕಂಬ ಎಳದು ಹಿಡಿಯೂ ಹಗ್ಗ), 120 ಡಿಗ್ರಿಗೊಂದು. ಹಚ್ಚೂ ಜಾಗ ಪೈಪಿನ ಮೂರನೇ ಎರಡು ಭಾಗದ ಎತ್ತರದಾಗ. ಪಾಲಿಯೆಸ್ಟರ್ ಹಗ್ಗ 6 ಮಿ.ಮೀ. ತರ್ರಿ. ನೀಲಿ ಪಾಲಿಪ್ರೊಪಿಲೀನ್ ಹಗ್ಗ ನಮ್ಮ ಬಿಸಲಾಗ ವರ್ಷದೊಳಗ ಪುಡಿ ಆಗತೈತಿ. ಉಕ್ಕಿನ ತಂತಿ ಬಳಸಿದ್ರ ಅದನ್ನ ನಡುವ ಎಗ್ ಇನ್ಸುಲೇಟರ್ ಹಾಕಿ ತುಂಡು ಮಾಡ್ರಿ, 5 ಮೀಟರ್ ಸುಮಾರಿನ ತುಂಡು ಬರದಂಗ ನೋಡಿಕೊಳ್ರಿ. ಆ ಉದ್ದ ಅರ್ಧ ತರಂಗಕ್ಕ ಸರಿ ಹೊಂದತೈತಿ, ಅದ ಒಂದು ಆಂಟೆನಾ ಆಗಿ ನಿಮ್ಮದರ ಜೋಡಿ ಜಗಳ ತಗೀತೈತಿ. ಗೈ ಕಟ್ಟೂದು ಕಾಲಂ ಮ್ಯಾಲ, ಬರೇ ಪ್ಯಾರಾಪೆಟ್ ಇಟ್ಟಂಗಿಗೆ ಅಲ್ಲ.

ಗದಗ, ನವಲಗುಂದ, ರೋಣದ ಕಡೆ ಮಣ್ಣಿನ ಮ್ಯಾಳಿಗಿ ಮನಿ ಇದ್ದವರು ಮ್ಯಾಳಿಗಿ ಮ್ಯಾಲ ಕಂಬದ ಬುಡ ಇಡೂದು ಬ್ಯಾಡ. ಮಣ್ಣು ಕೂತು, ಮಳ್ಯಾಗ ಸೋರಾಕ ಚಾಲೂ ಆಗತೈತಿ. ಅಂಗಳದಿಂದ 9 ಮೀಟರ್ ಕಂಬ ಎಬ್ಬಿಸಿ ಗೋಡಿಗೆ ಒಂದು ಆಸರಾ ಕೊಡ್ರಿ. ಅದರ ಬುಡ ಎರಿ ನೆಲದಾಗ ಇದ್ರ ತೆಗ್ಗು 1 ಮೀಟರ್‌ಗಿಂತ ಆಳ ಬೇಕು. ಎರಿಮಣ್ಣು ಬ್ಯಾಸಗ್ಯಾಗ ಬಿರಿತೈತಿ, ಮಳಿಗಾಲದಾಗ ಉಬ್ಬತೈತಿ, ಮ್ಯಾಲ ಮ್ಯಾಲ ಹಾಕಿದ ಕಾಂಕ್ರೀಟ್ ವರ್ಷಕ್ಕೊಮ್ಮೆ ವಾಲತೈತಿ. ತೆಗ್ಗಿನ ಸುತ್ತ ಮರಳು ಇಲ್ಲಾ ಮುರಂ ತುಂಬ್ರಿ.

ಅರ್ಥಿಂಗ್‌ನ್ಯಾಗೂ ಇದ ಎರಿಮಣ್ಣಿನ ಆಟ. ಹಸಿ ಇದ್ದಾಗ ಅದರಂಥಾ ಅರ್ಥ್ ಇನ್ನೊಂದಿಲ್ಲ. ಆದ್ರ ಏಪ್ರಿಲ್-ಮೇದಾಗ ಬಿರುಕು ಬಿಟ್ಟು ರಾಡಿನ ಮೈ ಬಿಡತೈತಿ. ಸರಿಯಾಗಿ ಅದ ಹೊತ್ತಿನ್ಯಾಗ ಭರಣಿ, ಕೃತ್ತಿಕಾ ಮಳಿ ಗುಡುಗು-ಸಿಡ್ಲ ಕಟ್ಟಿಕೊಂಡು ಬರ್ತಾವ. ಅದಕ್ಕ 3 ಮೀಟರಿನ ತಾಮ್ರಲೇಪದ ರಾಡ್, ಸುತ್ತ ಬೆಂಟೊನೈಟ್ ಮಣ್ಣು ತುಂಬಿ, ಮ್ಯಾಲ ಸಣ್ಣ ಚೇಂಬರ್ ಮಾಡಿ ಬ್ಯಾಸಗ್ಯಾಗ ವಾರಕ್ಕೊಂದು ಕೊಡ ನೀರು. ಬೆಂಟೊನೈಟ್ ಹಸಿ ಹಿಡಕೊಂಡು ರಾಡಿಗೆ ಅಂಟಿಕೊಂಡಿರತೈತಿ. ಧಾರವಾಡದ ಪಶ್ಚಿಮಕ್ಕ ಕೆಂಪು ಗರಸು ನೆಲ ಇದ್ದಲ್ಲಿ ಒಂದು ರಾಡ್ ಸಾಲೂದಿಲ್ಲ, 6 ಮೀಟರ್ ಅಂತರದಾಗ ಎರಡು ಹಾಕಿ ಜೋಡಿಸ್ರಿ. ಅರ್ಥ್ ಟೆಸ್ಟರ್ ಇದ್ದ ಎಲೆಕ್ಟ್ರಿಷಿಯನ್ ಕಡೆ ಬ್ಯಾಸಗ್ಯಾಗ ಅಳಸ್ರಿ, 5 ಓಮ್ ಒಳಗ ಬಂದ್ರ ಉತ್ತಮ, 10 ದಾಟಬಾರದು.

ಕಂಬದಿಂದ ರಾಡ್ ತನಕ 25×3 ಮಿ.ಮೀ. ಜಿಐ ಪಟ್ಟಿ, ಮನಿ ಹೊರಗಿನಿಂದ ನೆಟ್ಟಗ ಇಳಿಬೇಕು. ಚೂಪಾಗಿ ಮಡಚಬ್ಯಾಡ್ರಿ, ಸಿಡ್ಲಿನ ಕರೆಂಟ್ ಮೂಲಿ ತಿರಗೂದಿಲ್ಲ, ಜಿಗೀತೈತಿ. ಮತ್ತ ಇದು ಭಾಳ ಮಂದಿ ಬಿಡೂದು: ಈ ಹೊಸಾ ಅರ್ಥನ್ನ ಮನಿಯ ಮೀಟರ್ ಬೋರ್ಡಿನ ಅರ್ಥ್ ಜೋಡಿ ಕೂಡಿಸಲೇಬೇಕು. ಎರಡೂ ಬ್ಯಾರೆ ಬ್ಯಾರೆ ಇದ್ರ ಹತ್ತಿರ ಸಿಡ್ಲ ಬಿದ್ದಾಗ ಒಂದು ಅರ್ಥಿನ ವೋಲ್ಟೇಜ್ ಏರತೈತಿ, ಇನ್ನೊಂದರದು ಏರೂದಿಲ್ಲ, ಆ ಫರಕು ನಿಮ್ಮ ಸೆಟ್ಟು ಮತ್ತ ಪವರ್ ಸಪ್ಲೈ ಒಳಗಿಂದ ದಾಟಿಹೋಗತೈತಿ. ಕೇಬಲ್ ಮನಿ ಒಳಗ ಬರೂ ಜಾಗಾದಾಗ ಗ್ಯಾಸ್ ಟ್ಯೂಬಿನ ಅರೆಸ್ಟರ್ (ಕೇಬಲಿಗೆ ಬಂದ ಸಿಡ್ಲಿನ ಜೋರನ್ನ ಅರ್ಥಿಗೆ ಇಳಿಸೂ ಸಾಧನ), ಅದನ್ನೂ ಅದ ಪಟ್ಟಿಗೆ ಜೋಡಿಸ್ರಿ. ನೇರ ಬಡದ ಸಿಡ್ಲಕ್ಕ ಯಾವ ಅರೆಸ್ಟರೂ ತಡಿಯೂದಿಲ್ಲ. ಪಡುವಣ ಕಪ್ಪಾದ ಕೂಡಲೇ ಕೇಬಲ್ ಕಿತ್ತು ಕಿಟಕಿ ಹೊರಗ ಹಾಕ್ರಿ. ಗುಡುಗು ಕೇಳಿದ ಮ್ಯಾಲ ಅದನ್ನ ಮುಟ್ಟೂದು ಬ್ಯಾಡ.

ವಿದ್ಯಾನಗರ_ಟೆರೇಸ್:

ಇಬ್ಬರಿಗೂ ಭಾಳ ಉಪಕಾರ ಆತ್ರಿ. ಮೆಟ್ಟಿಲಿನ ರೂಮಿನ ಹಿಂದಿನ ಗೋಡಿ ನಿಕ್ಕಿ. ಕೇಬಲ್ ಮಾತ್ರ ಉಳೀತು. ಅಂಗಡ್ಯಾಗ ಆರ್‌ಜಿ-58 ಒಂದು ರೇಟು, ಆರ್‌ಜಿ-213 ಅದರ ಹಲವು ಪಟ್ಟು. 18 ಮೀಟರಿಗೆ ಅಷ್ಟು ಹಾಕೂದು ನ್ಯಾಯ ಏನ್ರಿ? ಮತ್ತ ಕಟ್ ಮಾಡಿ ಹೊಂದಿಸೂ ಕ್ರಮ ಸ್ವಲ್ಪ ಹೇಳ್ರಿ. ನ್ಯಾನೋ ವಿಎನ್‌ಎ (ಆಂಟೆನಾ ಅಳಿಯೂ ಸಣ್ಣ ಮೀಟರ್) ಗೆಳೆಯರ ಕಡೆಯಿಂದ ಸಿಗತೈತಿ.

ಹಾವೇರಿ_ಬೆಸುಗೆ ಉತ್ತರ:

28 ಮೆಗಾಹರ್ಟ್ಸ್‌ಗೆ ಮಾತ್ರವಾದರೆ ಆರ್‌ಜಿ-213 ಬೇಕಾಗಿಲ್ಲ. ಈ ಆವರ್ತನದಲ್ಲಿ ಒಳ್ಳೆಯ ಆರ್‌ಜಿ-58 ನೂರು ಮೀಟರಿಗೆ 7–8 ಡೆಸಿಬೆಲ್ ತಿನ್ನುತ್ತದೆ, ಆರ್‌ಜಿ-213 ನಾಲ್ಕರ ಒಳಗೆ. ನಿಮ್ಮ 18 ಮೀಟರಿಗೆ ಲೆಕ್ಕ ಹಾಕಿ: 25 ವ್ಯಾಟಿನಲ್ಲಿ ಮೇಲೆ ತಲುಪುವುದು ಆರ್‌ಜಿ-58ರಲ್ಲಿ 18 ವ್ಯಾಟ್, ಆರ್‌ಜಿ-213ರಲ್ಲಿ 21. ಅಂತರ ಒಂದು ಡೆಸಿಬೆಲ್‌ಗಿಂತ ಕಡಿಮೆ. ಆ ದುಡ್ಡು ಅರ್ಥಿಂಗ್‌ಗೆ ಹೋಗಲಿ. ಆದರೆ ಇದೇ ಕೇಬಲ್‌ನಲ್ಲಿ ಮುಂದೆ 145 ಮೆಗಾಹರ್ಟ್ಸ್ ನಡೆಸುವ ಯೋಚನೆ ಇದ್ದರೆ ಈಗಲೇ ಆರ್‌ಜಿ-213 ತನ್ನಿ. ಅಲ್ಲಿ ಆರ್‌ಜಿ-58 ನಿಮ್ಮ ಶಕ್ತಿಯ ಅರ್ಧಕ್ಕಿಂತ ಹೆಚ್ಚನ್ನು ದಾರಿಯಲ್ಲೇ ನುಂಗುತ್ತದೆ.

ಕೊಳ್ಳುವಾಗ ಅರ್ಧ ಅಡಿ ಸಿಪ್ಪೆ ಬಿಡಿಸಿ ನೋಡಿ. ತಾಮ್ರದ ಜಾಳಿಗೆಯ ಸಂದಿಯಲ್ಲಿ ಒಳಗಿನ ಬಿಳಿ ಪ್ಲಾಸ್ಟಿಕ್ ಎದ್ದು ಕಾಣುತ್ತಿದ್ದರೆ ಅದು ಹೆಸರಿಗೆ ಮಾತ್ರ ಆರ್‌ಜಿ-58. ಜಾಳಿಗೆ ವಿರಳವಾದಷ್ಟೂ ನಷ್ಟ ಹೆಚ್ಚು, ಮನೆಯ ಗದ್ದಲವೂ ಒಳನುಗ್ಗುತ್ತದೆ.

ಆರ್‌ಜಿ-6 ಬಗ್ಗೆ: ನಷ್ಟದಲ್ಲಿ ಅದು ಆರ್‌ಜಿ-58ಕ್ಕಿಂತ ಒಳ್ಳೆಯದು. 75 ಓಮ್ ಆದ್ದರಿಂದ ಎಸ್‌ಡಬ್ಲ್ಯೂಆರ್ 1.5 ಕಾಣಿಸಬಹುದು, 25 ವ್ಯಾಟಿಗೆ ಅದರಿಂದ ಹಾನಿಯಿಲ್ಲ. ತೊಡಕು ಬರುವುದು ಜೋಡಣೆಯಲ್ಲಿ. ಅದರ ಜಾಳಿಗೆ ಅಲ್ಯೂಮಿನಿಯಂ, ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲ. ಎಫ್ ಕನೆಕ್ಟರ್ ಹಾಕಿ ಅಡಾಪ್ಟರ್ ಮೂಲಕ ಹೋಗಬೇಕು, ಟೆರೇಸ್ ಮೇಲೆ ಅಂಥ ಪ್ರತಿ ಕೀಲೂ ನೀರಿಗೆ ಬಾಗಿಲು. ಕೇಳುವುದಕ್ಕೆ ಮಾತ್ರ ಆಂಟೆನಾ ಹಾಕುವವರು ನಿಶ್ಚಿಂತೆಯಿಂದ ಬಳಸಲಿ.

ಸಾಕೆಟ್ಟಿಗೆ ಕೂಡುವ ಪಿಎಲ್-259 ಕನೆಕ್ಟರನ್ನು ಕೇಬಲಿಗೆ ಬೆಸೆಯಲು 25 ವ್ಯಾಟಿನ ಸಣ್ಣ ಕಬ್ಬಿಣ ಸಾಲದು. ಕನೆಕ್ಟರಿನ ಮೈ ಶಾಖವನ್ನು ಹೀರಿಕೊಂಡು ಬೆಸುಗೆ ಮೇಲೆ ಗೋಲಿಯಾಗಿ ಕೂರುತ್ತದೆ, ಒಳಗೆ ಹಿಡಿದಿರುವುದಿಲ್ಲ. 60 ವ್ಯಾಟ್ ಅಥವಾ ಹೆಚ್ಚಿನದು, 60/40 ಬೆಸುಗೆ. ಆರ್‌ಜಿ-58ಕ್ಕೆ ಸಣ್ಣ ರಿಡ್ಯೂಸರ್ ಹಾಕಲು ಮರೆಯಬೇಡಿ. ಮುಗಿದ ಮೇಲೆ ಮಲ್ಟಿಮೀಟರಿನಲ್ಲಿ ನಡುಪಿನ್ ಮತ್ತು ಮೈ ನಡುವೆ ಶಾರ್ಟ್ ಇಲ್ಲವೆಂದು ನೋಡಿ. ಇದನ್ನು ಕೇಬಲನ್ನು ಆಂಟೆನಾಕ್ಕೆ ಜೋಡಿಸುವ ಮೊದಲೇ ಮಾಡಿ, ಮೇಲಿನ 100 ಕಿಲೋಓಮ್ ಕೂಡಿದ ಮೇಲೆ ಮೀಟರ್ ಅದನ್ನೇ ತೋರಿಸುತ್ತದೆ. ಹೊರಗಿನ ಕೀಲಿಗೆ ಮೊದಲು ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ, ಮೇಲೆ ಪಿವಿಸಿ ಟೇಪ್, ಕೊನೆಯ ಸುತ್ತು ಕೆಳಗಿನಿಂದ ಮೇಲಕ್ಕೆ ಬರಬೇಕು. ಬರೀ ಪಿವಿಸಿ ಟೇಪ್ ಬಿಸಿಲಿಗೆ ಬಿಚ್ಚಿಕೊಳ್ಳುತ್ತದೆ. ಮನೆ ಒಳಬರುವ ಮುನ್ನ ಕೇಬಲ್ ಒಂದು ಸಣ್ಣ ಜೋಲು ಹೊಡೆದು ಬರಲಿ, ಇಳಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಆಂಟೆನಾದ ಸಾಕೆಟ್ಟಿನ ಕೆಳಗೇ ಒಂದು ಚೋಕ್, ಅಂದರೆ ಕೇಬಲಿನದೇ ಸುರುಳಿ. ಆರ್‌ಜಿ-58 ಆದರೆ 50 ಮಿ.ಮೀ. ಪಿವಿಸಿ ಪೈಪಿನ ಮೇಲೆ ಒಂದರ ಪಕ್ಕ ಒಂದು 7 ಸುತ್ತು, 1.2 ಮೀಟರ್ ಕೇಬಲ್ ಹೋಗುತ್ತದೆ. ಆರ್‌ಜಿ-213 ಆದರೆ 90 ಮಿ.ಮೀ. ಪೈಪಿನ ಮೇಲೆ 6 ಸುತ್ತು. ಕಟ್ಟಿನ ಹಾಗೆ ಅಡ್ಡಾದಿಡ್ಡಿ ಸುತ್ತಿದರೆ ಮೊದಲ ಸುತ್ತೂ ಕೊನೆಯ ಸುತ್ತೂ ಹತ್ತಿರ ಬಂದು ಪರಿಣಾಮ ಇಳಿಯುತ್ತದೆ. ಚೋಕ್ ಇಲ್ಲದಿದ್ದರೆ ಕೇಬಲಿನ ಹೊರಮೈ ಐದನೇ ರೇಡಿಯಲ್ ಆಗುತ್ತದೆ. ಮೈಕಿನ ಲೋಹ ತುಟಿಗೆ ಚುರ್ ಎನ್ನುವುದು, ಕೇಬಲ್ ಮುಟ್ಟಿದರೆ ಎಸ್‌ಡಬ್ಲ್ಯೂಆರ್ ಬದಲಾಗುವುದು, ಪಕ್ಕದ ಸ್ಪೀಕರಿನಲ್ಲಿ ನಿಮ್ಮ ದನಿ ಕೇಳುವುದು, ಎಲ್ಲಕ್ಕೂ ಕಾರಣ ಅದೇ.

ಹೊಂದಿಸುವ ಕ್ರಮ. ನ್ಯಾನೋ ವಿಎನ್‌ಎಯನ್ನು 26ರಿಂದ 30 ಮೆಗಾಹರ್ಟ್ಸ್‌ಗೆ ಇಟ್ಟು ಓಪನ್, ಶಾರ್ಟ್, ಲೋಡ್ ಮೂರರಿಂದ ಕ್ಯಾಲಿಬ್ರೇಟ್ ಮಾಡಿ. ವ್ಯಾಪ್ತಿ ಬದಲಿಸಿದರೆ ಮತ್ತೆ ಮಾಡಬೇಕು. ಆಂಟೆನಾ ಅದರ ಕೊನೆಯ ಜಾಗದಲ್ಲೇ, ಅದೇ ಎತ್ತರದಲ್ಲಿ ಇರಬೇಕು. ಟೆರೇಸ್ ಮೇಲೆ ಸೊಂಟದೆತ್ತರಕ್ಕೆ ಹಿಡಿದು ಹೊಂದಿಸಿದರೆ ಮೇಲೇರಿಸಿದಾಗ ಲೆಕ್ಕ ತಪ್ಪುತ್ತದೆ. ಎಸ್‌ಡಬ್ಲ್ಯೂಆರ್ ತಳ ಮುಟ್ಟಿದ ಬಿಂದು 28.4ಕ್ಕಿಂತ ಕೆಳಗಿದ್ದರೆ ಕೋಲು ಉದ್ದ, ಮೇಲಿದ್ದರೆ ಗಿಡ್ಡ. 1 ಸೆಂ.ಮೀ. ಕಡಿಮೆ ಮಾಡಿದರೆ ಸುಮಾರು 110 ಕಿಲೋಹರ್ಟ್ಸ್ ಮೇಲೇರುತ್ತದೆ. 2.60ರಿಂದ ಹೊರಟರೆ ತಳ 27.5ರ ಆಸುಪಾಸು ಸಿಗುತ್ತದೆ, 5 ಸೆಂ.ಮೀ. ಒಮ್ಮೆಗೇ ಇಳಿಸಿ, ಆಮೇಲೆ ಅರ್ಧರ್ಧ ಸೆಂಟಿಮೀಟರ್. ತಳ ಸರಿಯಾದ ಜಾಗದಲ್ಲಿದ್ದೂ 1.4ರ ಕೆಳಗೆ ಇಳಿಯದಿದ್ದರೆ ಉದ್ದವನ್ನು ಮುಟ್ಟಬೇಡಿ, ರೇಡಿಯಲ್‌ಗಳ ಇಳಿಜಾರು ಬದಲಿಸಿ. 1.5ಕ್ಕೆ ವಾಪಸಾಗುವ ಶಕ್ತಿ ಶೇ 4 ಮಾತ್ರ. 1.1ಕ್ಕೆ ತರಲು ದಿನಗಟ್ಟಲೆ ಟೆರೇಸ್ ಹತ್ತಿಳಿಯುವ ಅಗತ್ಯವಿಲ್ಲ.

ಒಂದು ಎಚ್ಚರಿಕೆ. ಕೆಟ್ಟ ಕೇಬಲ್ ಎಸ್‌ಡಬ್ಲ್ಯೂಆರ್ ಅನ್ನು ಚೆನ್ನಾಗಿ ತೋರಿಸುತ್ತದೆ. 30 ಮೀಟರ್ ಆರ್‌ಜಿ-58ರ ಆ ತುದಿಯಲ್ಲಿ ನಿಜವಾಗಿ 3 ಇದ್ದರೆ ಸೆಟ್ಟಿನ ಹತ್ತಿರ 1.8 ಎಂದಷ್ಟೇ ಕಾಣುತ್ತದೆ, ಏಕೆಂದರೆ ವಾಪಸ್ ಬರುವ ಶಕ್ತಿಯೂ ದಾರಿಯಲ್ಲಿ ಸವೆಯುತ್ತದೆ. ಮಳೆಗಾಲ ಕಳೆದ ಮೇಲೆ ಎಸ್‌ಡಬ್ಲ್ಯೂಆರ್ ತಾನಾಗಿ ಸುಧಾರಿಸಿದ್ದು ಕಂಡರೆ ಸಂತೋಷಪಡಬೇಡಿ, ಜಾಳಿಗೆಯೊಳಗೆ ನೀರು ಹೋಗಿದೆ. ಪರೀಕ್ಷೆ ಸುಲಭ: ಮೇಲಿನ ತುದಿಯನ್ನು ಬಿಚ್ಚಿ ಗಾಳಿಯಲ್ಲಿ ಬಿಡಿ, ಕೆಳಗಿನಿಂದ ರಿಟರ್ನ್ ಲಾಸ್ (ವಾಪಸ್ ಬಂದ ಸಂಕೇತ ಎಷ್ಟು ಡೆಸಿಬೆಲ್ ಕುಗ್ಗಿದೆ ಎಂಬುದು) ಓದಿ, ಅದರ ಅರ್ಧವೇ ಕೇಬಲಿನ ನಷ್ಟ. ನಿಮ್ಮ 18 ಮೀಟರಿಗೆ ಒಂದೂವರೆ ಡೆಸಿಬೆಲ್ ದಾಟಿ ಬಹಳ ಮೇಲೆ ಬಂದರೆ ಕೇಬಲ್ ಬದಲಿಸಿ. ಹೊಸದಿರುವಾಗಲೇ ಒಮ್ಮೆ ಅಳೆದು ಬರೆದಿಡಿ.

ವಿದ್ಯಾನಗರ_ಟೆರೇಸ್:

ತಿಳೀತ್ರಿ. ಕೊನೇದು ಒಂದು. ಕೈಸೆಟ್‌ನ್ಯಾಗ 27.12ರ ಸುತ್ತ ಹಗಲೊತ್ತು ‘ಗುಂಯ್’ ಅಂತ ಗದ್ದಲ ಇರತೈತಿ, ಸಂಜಿ 6ರ ಮ್ಯಾಲ ಇಲ್ಲ. ಹೊಸ ಆಂಟೆನಾ ಹಾಕಿದ್ರ ಅದು ಇನ್ನೂ ಜಾಸ್ತಿ ಆಗತೈತೇನು? ಹಂಗ ಮಂಗ್ಯಾಗಳ ಕಾಟಕ್ಕ ಉಪಾಯ ಏನರ ಇದ್ರ ಹೇಳ್ರಿ.

ಧಾರವಾಡ_ತರಂಗ:

ಆಗುತ್ತದೆ, ಎತ್ತರದ ಆಂಟೆನಾ ಗದ್ದಲವನ್ನೂ ಹೆಚ್ಚು ಹಿಡಿಯುತ್ತದೆ. 26.957ರಿಂದ 27.283 ಎಂಬುದು ಸಿಟಿಜನ್ ಬ್ಯಾಂಡ್ ಮಾತ್ರವಲ್ಲ, ಕೈಗಾರಿಕೆ ಮತ್ತು ವೈದ್ಯಕೀಯ ಯಂತ್ರಗಳಿಗೆ ಬಿಟ್ಟ ಪಟ್ಟಿಯೂ ಅದೇ. ಅದರ ನಟ್ಟನಡುವೆ 27.12. ರೆಕ್ಸಿನ್, ಪಿವಿಸಿ ಹಾಳೆ ಅಂಟಿಸುವ ಹೈ ಫ್ರೀಕ್ವೆನ್ಸಿ ವೆಲ್ಡಿಂಗ್ ಯಂತ್ರಗಳು, ಫಿಸಿಯೋಥೆರಪಿಯ ಶಾರ್ಟ್‌ವೇವ್ ಡಯಾಥರ್ಮಿ ಯಂತ್ರಗಳು ಅಲ್ಲೇ ಕೆಲಸ ಮಾಡುತ್ತವೆ. ಕೆಲಸದ ವೇಳೆಗೆ ಬಂದು ಸಂಜೆ ನಿಲ್ಲುವ ಗದ್ದಲ, ಕೆಲವು ಸೆಕೆಂಡು ಇದ್ದು ಬಿಟ್ಟು ಬಿಟ್ಟು ಬರುತ್ತಿದ್ದರೆ ಬಹುಪಾಲು ವೆಲ್ಡಿಂಗ್. ಹತ್ತು-ಇಪ್ಪತ್ತು ನಿಮಿಷ ಒಂದೇ ಸಮ ಇದ್ದರೆ ಡಯಾಥರ್ಮಿ. ಅವು ಅಲ್ಲಿರುವುದು ನ್ಯಾಯವೇ, ನಮಗೆ ಆ ಪಟ್ಟಿಯಲ್ಲಿ ರಕ್ಷಣೆ ಇಲ್ಲ. 28.4ಕ್ಕೆ ಹೋದರೆ ಅದು ಬಹುಮಟ್ಟಿಗೆ ಹಿಂದೆ ಉಳಿಯುತ್ತದೆ.

28ರಲ್ಲೂ ಗದ್ದಲ ಇದ್ದರೆ ಮನೆಯೊಳಗೇ ಹುಡುಕಿ. ಸೆಟ್ಟನ್ನು ಬ್ಯಾಟರಿಯ ಮೇಲೆ ನಡೆಸುತ್ತ ಮೇನ್ ಸ್ವಿಚ್ ತೆಗೆಯಿರಿ. ನಿಂತರೆ ನಿಮ್ಮ ಮನೆಯದೇ. ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತ ಹೋದರೆ ಯಾವ ಲೈನಿನಲ್ಲಿ ಎಂದು ಗೊತ್ತಾಗುತ್ತದೆ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಯುಪಿಎಸ್, ಸೋಲಾರ್ ಇನ್ವರ್ಟರ್ ಈ ನಾಲ್ಕರಲ್ಲಿ ಒಂದಿರುತ್ತದೆ. ಬಲ್ಬು ಬದಲಿಸುವುದೇ ಮದ್ದು. ಇನ್ವರ್ಟರಿನ ತಂತಿಗೆ 31ನೇ ಅಥವಾ 43ನೇ ಮಿಶ್ರಣದ ಫೆರೈಟ್ ರಿಂಗ್ ತಂದು, ಅದರಲ್ಲಿ ತಂತಿಯನ್ನು ನಾಲ್ಕೈದು ಸುತ್ತು ಹಾಯಿಸಿ. ಒಂದೇ ಸಲ ತೂರಿಸಿದ ಕ್ಲಿಪ್ ಫೆರೈಟ್‌ನಿಂದ ಈ ಆವರ್ತನದಲ್ಲಿ ಹೆಚ್ಚು ಫಲ ಕಾಣುವುದಿಲ್ಲ. ಸುತ್ತು ಎರಡರಷ್ಟಾದರೆ ತಡೆ ನಾಲ್ಕರಷ್ಟಾಗುತ್ತದೆ.

ಗದಗ_ಗಾಳಿಕಂಬ:

ಮಂಗ್ಯಾದ ವಿಚಾರಕ್ಕ: ಅದು ಅಲ್ಯೂಮಿನಿಯಂ ಕೋಲಿಗೆ ಏರೂದಿಲ್ಲ, ರೇಡಿಯಲ್ ಮತ್ತ ಗೈ ಹಗ್ಗ ಹಿಡದು ಜೋತಾಡತೈತಿ. ಹಿಂಗಾಗಿ ರೇಡಿಯಲ್ ಎಗ್ ಇನ್ಸುಲೇಟರ್ ದಾಟಿದ ಮ್ಯಾಲ ಪ್ಯಾರಾಪೆಟ್ ಹತ್ತಿರ ಒಂದು ಗೇಣು ತೆಳು ನೈಲಾನ್ ದಾರ, 2 ಮಿ.ಮೀ.ದು, ನಡುವ ಕಟ್ರಿ. ಜೋತ ಬಿದ್ರ ಆ ದಾರ ಹರೀತೈತಿ, ತಂತಿ ಮತ್ತ ಸಾಕೆಟ್ ಉಳೀತಾವ, ಕಟ್ಟಾಕ ಎರಡು ನಿಮಿಷ. ಕಂಬ ಹಿಡದು ನಿಲ್ಲಿಸೂ ಮೂರು ಗೈ ಹಗ್ಗಕ್ಕ ಮಾತ್ರ ಈ ದಾರ ಹಾಕಬ್ಯಾಡ್ರಿ, ಅವು ಪೂರಾ ಗಟ್ಟಿ ಇರಬೇಕು. ಕೇಬಲ್ ಗೋಡಿ ಮ್ಯಾಲ ಇಳಿಯೂ ಕಡೆ ಅಡಿಗೊಂದು ಕ್ಲಿಪ್ ಹೊಡದು, ಟೆರೇಸ್ ಮ್ಯಾಲಿನ ಭಾಗಕ್ಕ 20 ಮಿ.ಮೀ. ಕಂಡ್ಯೂಟ್ ಪೈಪ ಹಾಕ್ರಿ. ಕೇಬಲ್ ಕಚ್ಚಿದ್ದು ಕಣ್ಣಿಗೆ ಕಾಣೂದಿಲ್ಲ, ನೀರು ಮಾತ್ರ ಒಳಗ ಹೋಗತಿರತೈತಿ.